ಬೇಳೆ ಬಿಡಬೇಡಿ, ಹೊತ್ತು ಬದಲಿಸಿ

ಪ್ರಶ್ನೆ: ನಮ್ಮದು ಹೊಸನಗರ ತಾಲೂಕಿನ ಹಳ್ಳಿ. ಮಾವನವರಿಗೆ 69 ವರ್ಷ. ಆರು ವರ್ಷದಿಂದ ಪಾರ್ಕಿನ್ಸನ್ ಇದೆ. ಸಿಂಡೋಪಾ 110 ಗುಳಿಗೆ ದಿನಕ್ಕೆ ಮೂರು ಸಲ ತಗೊಳ್ತಾರೆ. ಬೆಳಿಗ್ಗೆ 8ಕ್ಕೆ ದೋಸೆ ತಿಂದ ಮೇಲೆ, ಮಧ್ಯಾಹ್ನ 1.30ಕ್ಕೆ ಊಟವಾದ ತಕ್ಷಣ, ರಾತ್ರಿ 8.30ಕ್ಕೆ ಊಟವಾದ ಮೇಲೆ. ಒಂದು ವರ್ಷದಲ್ಲಿ ತೂಕ 58ರಿಂದ 51 ಕೆಜಿಗೆ ಇಳಿದಿದೆ. ಅದಕ್ಕೆ ಬೆಳಿಗ್ಗೆ ಹಾಲಿಗೆ ಪ್ರೋಟೀನ್ ಪುಡಿ ಕಲಸಿ, ಆ ಹಾಲಲ್ಲೇ ಗುಳಿಗೆ ನುಂಗಿಸುತ್ತೇನೆ. ಮಧ್ಯಾಹ್ನ ಎರಡರಿಂದ ನಾಲ್ಕು ಗಂಟೆವರೆಗೆ ಕೈಕಾಲು ಕಟ್ಟಿ ಹಾಕಿದ ಹಾಗೆ ಜಗುಲಿಯಲ್ಲೇ ಕೂತಿರುತ್ತಾರೆ. ಮಲಬದ್ಧತೆ ತುಂಬಾ ಇದೆ. ನೀರು ಕುಡಿಯುವಾಗ ಆಗಾಗ ಕೆಮ್ಮುತ್ತಾರೆ. ಬೇಳೆ, ಹಾಲು, ಮೊಸರು ಪೂರ್ತಿ ಬಿಡಿಸಿ ಅಂತ ನೆಂಟರೊಬ್ಬರು ಹೇಳಿದ್ದಾರೆ. ಇನ್ನೊಬ್ಬರು ನಸುಗುನ್ನಿ ಪುಡಿ ತಂದುಕೊಟ್ಟಿದ್ದಾರೆ. ಶುಗರ್, ಬಿಪಿ, ಕಿಡ್ನಿ ತೊಂದರೆ ಇಲ್ಲ. ಏನು ಕೊಡಲಿ, ಏನು ಬಿಡಲಿ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಗುಳಿಗೆಯ ಹೆಸರು, ಹೊತ್ತು, ತೂಕ ಎಲ್ಲ ಸರಿಯಾಗಿ ಬರೆದಿದ್ದೀರಿ. ಅದರಿಂದಲೇ ನನಗೆ ಉತ್ತರ ಹೇಳೋದು ಸುಲಭವಾಗಿದೆ. ನಾನು ಡಾಕ್ಟರಲ್ಲ, ಶಿವಮೊಗ್ಗದಲ್ಲಿ ಕೆಲಸ ಮಾಡುವ ಆಹಾರ ತಜ್ಞೆ. ಗುಳಿಗೆ ಎಷ್ಟು ಅನ್ನೋದು ನಿಮ್ಮ ನರರೋಗ ತಜ್ಞರಿಗೆ ಬಿಟ್ಟದ್ದು. ಆದರೆ ಆ ಗುಳಿಗೆ ಹೊಟ್ಟೆಯಲ್ಲಿ ಯಾವುದರ ಜೊತೆ ಸೇರುತ್ತದೆ ಅನ್ನೋದು ಅಡುಗೆಮನೆಯ ವಿಷಯ. ಅದರ ಬಗ್ಗೆ ಹೇಳುತ್ತೇನೆ.

ಏನನ್ನೂ ಬಿಡಿಸಬೇಡಿ. 51 ಕೆಜಿಗೆ ಬಂದವರಿಗೆ ಬೇಳೆ, ಹಾಲು, ಮೊಸರು ನಿಲ್ಲಿಸಿದರೆ ಇರೋ ಸ್ವಲ್ಪ ಮಾಂಸಖಂಡವೂ ಕರಗುತ್ತದೆ. ಇಲ್ಲಿ ತಪ್ಪಿರೋದು ಪದಾರ್ಥವಲ್ಲ, ಹೊತ್ತು.

ಅದು ಹೇಗೆ ಅಂತ ನೋಡೋಣ. ಪಾರ್ಕಿನ್ಸನ್‌ನಲ್ಲಿ ಮಿದುಳಿನ ಒಂದು ಭಾಗದಲ್ಲಿ ಡೋಪಮೈನ್ ತಯಾರಿಸುವ ಕೋಶಗಳು ಕಡಿಮೆ ಆಗ್ತಾ ಹೋಗುತ್ತವೆ. ಡೋಪಮೈನನ್ನೇ ನೇರವಾಗಿ ಕೊಟ್ಟರೆ ಅದು ರಕ್ತದಿಂದ ಮಿದುಳಿಗೆ ದಾಟುವುದಿಲ್ಲ. ಅದಕ್ಕೆ ಅದರ ಕಚ್ಚಾವಸ್ತುವಾದ ಲೆವೊಡೋಪಾ ಕೊಡುತ್ತಾರೆ. ನಿಮ್ಮ ಮಾವನವರ ಸಿಂಡೋಪಾ 110ರಲ್ಲಿ 100 ಮಿಲಿಗ್ರಾಂ ಲೆವೊಡೋಪಾ, 10 ಮಿಲಿಗ್ರಾಂ ಕಾರ್ಬಿಡೋಪಾ ಇದೆ. ಲೆವೊಡೋಪಾ ದಾರಿಯಲ್ಲೇ ಖರ್ಚಾಗಿ ಹೋಗದ ಹಾಗೆ ಕಾರ್ಬಿಡೋಪಾ ಕಾಯುತ್ತದೆ.

ಈಗ ಮುಖ್ಯ ವಿಷಯ. ಲೆವೊಡೋಪಾ ಕೂಡ ಒಂದು ಅಮೈನೊ ಆಮ್ಲ. ನಾವು ತಿನ್ನುವ ಬೇಳೆ, ಹಾಲು, ಮೊಟ್ಟೆ, ಮೀನಿನ ಪ್ರೋಟೀನ್ ಹೊಟ್ಟೆಯಲ್ಲಿ ಒಡೆದಾಗ ಸಿಗುವುದೂ ಅಮೈನೊ ಆಮ್ಲಗಳೇ. ಇವೆಲ್ಲ ಸಣ್ಣ ಕರುಳಿನಿಂದ ರಕ್ತಕ್ಕೆ ಹೋಗುವ ಬಾಗಿಲು ಒಂದೇ. ಸಂಜೆ ದನ ಮನೆಗೆ ಬರುವ ಹೊತ್ತಿಗೆ ನಿಮ್ಮ ಮನೆಯ ದಣಪೆಯನ್ನು ನೆನಪಿಸಿಕೊಳ್ಳಿ. ಹತ್ತು ದನ ಒಟ್ಟಿಗೆ ನುಗ್ಗಿದರೆ ಪುಟ್ಟ ಕರು ಹಿಂದೆ ಉಳಿಯುತ್ತದೆ, ಅಲ್ವಾ? ಆ ಕರುವೇ ಲೆವೊಡೋಪಾ. ಕರುಳಿನ ದಣಪೆ ದಾಟಿದ ಮೇಲೆ ಮಿದುಳಿನ ಬಾಗಿಲಲ್ಲೂ ಇದೇ ನೂಕುನುಗ್ಗಲು. ದನಗಳನ್ನು ಮಾರಬೇಕಾಗಿಲ್ಲ. ಕರುವನ್ನು ಸ್ವಲ್ಪ ಮೊದಲು ಒಳಗೆ ಬಿಟ್ಟರೆ ಸಾಕು.

ನೀವು ಪ್ರೋಟೀನ್ ಪುಡಿ ಹಾಕಿದ ಹಾಲಲ್ಲಿ ಗುಳಿಗೆ ನುಂಗಿಸುತ್ತಿದ್ದೀರಿ. ಮಾವನವರು ಸೊರಗುತ್ತಿದ್ದಾರೆ ಅನ್ನೋ ಕಳವಳದಿಂದ ಮಾಡಿದ್ದು ಅಂತ ನನಗೆ ಗೊತ್ತು. ಇದಕ್ಕೆ ಬೇಜಾರು ಮಾಡಿಕೊಳ್ಳಬೇಡಿ, ನಾನು ನೋಡುವ ಎಷ್ಟೋ ಮನೆಗಳಲ್ಲಿ ಹೀಗೇ ಮಾಡುತ್ತಾರೆ. ಆದರೆ ನಾಳೆ ಬೆಳಿಗ್ಗೆಯಿಂದಲೇ ಇದನ್ನು ನಿಲ್ಲಿಸಿ. ಗುಳಿಗೆಗೆ ಬರೀ ನೀರು, ಅದೂ ಒಂದು ಪೂರ್ತಿ ಲೋಟ.

ಮಧ್ಯಾಹ್ನದ ಲೆಕ್ಕವೂ ಇದೇ. ಅನ್ನ, ತೊಗರಿಬೇಳೆ ಹುಳಿ, ಹೆಸರುಕಾಳು ಪಲ್ಯ, ಮೊಸರು ಉಂಡು, ಹೊಟ್ಟೆ ತುಂಬಿದ ಮೇಲೆ ಗುಳಿಗೆ. ಪಾರ್ಕಿನ್ಸನ್ ಇದ್ದವರ ಹೊಟ್ಟೆ ಮೊದಲೇ ನಿಧಾನ. ಊಟದ ರಾಶಿಯ ಕೆಳಗೆ ಗುಳಿಗೆ ಹೊಟ್ಟೆಯಲ್ಲೇ ಕೂತಿರುತ್ತದೆ. ಅದು ಕರಗಿ ಹೀರಿಕೊಳ್ಳುವುದು ಸಣ್ಣ ಕರುಳಿನ ಮೇಲ್ಭಾಗದಲ್ಲಿ. ಅಲ್ಲಿಗೆ ತಲುಪುವುದೇ ತಡ, ತಲುಪಿದ ಮೇಲೆ ನೂಕುನುಗ್ಗಲು. ನೀವು ಬರೆದ ಎರಡರಿಂದ ನಾಲ್ಕರ ಬಿಗಿತಕ್ಕೆ ಇದೇ ಕಾರಣ ಇರಬಹುದು. ಬೆಳಗಿನ ಗುಳಿಗೆಯ ಬಲ ಅಷ್ಟೊತ್ತಿಗೆ ಮುಗಿದಿರುತ್ತದೆ, ಮಧ್ಯಾಹ್ನದ್ದು ಇನ್ನೂ ಶುರುವಾಗಿರುವುದಿಲ್ಲ. ರೋಗ ಜಾಸ್ತಿಯಾಯ್ತು ಅಂತ ಗುಳಿಗೆ ಹೆಚ್ಚಿಸುವ ಮೊದಲು ಹೊತ್ತನ್ನು ಸರಿ ಮಾಡಿ ನೋಡಬೇಕು.

ಲೆಕ್ಕ ಸುಲಭ. ಊಟಕ್ಕೆ ಕನಿಷ್ಠ ಅರ್ಧ ಗಂಟೆ ಮುಂಚೆ ಗುಳಿಗೆ. ಮುಕ್ಕಾಲು ಗಂಟೆ ಆದರೆ ಇನ್ನೂ ಒಳ್ಳೆಯದು. ಮರೆತು ಊಟ ಆಗಿಹೋದರೆ ಒಂದೂವರೆ, ಎರಡು ಗಂಟೆ ಬಿಟ್ಟು ಕೊಡಿ. ನಿಮ್ಮ ಮನೆಗೆ ಹೊಂದುವ ಹಾಗೆ ಹೇಳೋದಾದರೆ, ಬೆಳಿಗ್ಗೆ 7ಕ್ಕೆ ಗುಳಿಗೆ, 7.45ಕ್ಕೆ ದೋಸೆ. ಮಧ್ಯಾಹ್ನ 12.30ಕ್ಕೆ ಗುಳಿಗೆ, 1.15ಕ್ಕೆ ಊಟ. ಸಂಜೆ 7ಕ್ಕೆ ಗುಳಿಗೆ, 7.45ಕ್ಕೆ ಊಟ. ಗುಳಿಗೆಯ ಹೊತ್ತು ಒಂದರಿಂದ ಒಂದೂವರೆ ಗಂಟೆ ಮುಂಚೆ ಆಗುವುದರಿಂದ ಡಾಕ್ಟರಿಗೆ ಒಂದು ಫೋನ್ ಮಾಡಿ ಹೇಳಿ ಶುರುಮಾಡಿ. ಗುಳಿಗೆ ಡಬ್ಬಿಯ ಮೇಲೆ ಸಿಆರ್ ಅಂತ ಬರೆದಿದ್ದರೆ ಲೆಕ್ಕ ಬೇರೆ. ಅದು ನಿಧಾನವಾಗಿ ಬಿಡುಗಡೆಯಾಗುವ ಗುಳಿಗೆ. ಅದನ್ನು ಪುಡಿ ಮಾಡಬಾರದು, ಜಗಿಯಬಾರದು, ಅದರ ಹೊತ್ತನ್ನು ಡಾಕ್ಟರೇ ಹೇಳಬೇಕು.

ಖಾಲಿ ಹೊಟ್ಟೆಗೆ ಕೊಟ್ಟರೆ ವಾಕರಿಕೆ ಬರುತ್ತದೆ ಅಂತ ಕೆಲವರು ಹೇಳುತ್ತಾರೆ. ಹೌದು, ಕೆಲವರಿಗೆ ಬರುತ್ತದೆ. ಹಾಗಾದರೆ ಗುಳಿಗೆ ಜೊತೆ ಒಂದು ಪುಟ್ಟಬಾಳೆ ಹಣ್ಣು ಅಥವಾ ಒಂದು ಹಿಡಿ ಮಂಡಕ್ಕಿ ಕೊಡಿ. ಇವುಗಳಲ್ಲಿ ಪ್ರೋಟೀನ್ ತೀರಾ ಕಡಿಮೆ. ಹಾಲು ಹಾಕಿದ ಕಷಾಯ ಆ ಹೊತ್ತಿಗೆ ಬೇಡ. ಜೀರಿಗೆ, ಕೊತ್ತಂಬರಿ ಹಾಕಿದ ಬರೀ ಕಷಾಯಕ್ಕೆ ಅಡ್ಡಿ ಇಲ್ಲ.

ವಾಕರಿಕೆ ವಿಷಯ ಬಂದದ್ದಕ್ಕೆ ನನ್ನ ದೊಡ್ಡಪ್ಪನ ಕಥೆ ಹೇಳಲೇಬೇಕು. ಅವರಿಗೂ ಇದೇ ಕಾಯಿಲೆ ಇತ್ತು. ಒಂದು ಮಳೆಗಾಲದಲ್ಲಿ ವಾಂತಿ ಅಂತ ಹತ್ತಿರದ ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆವು. ಅಲ್ಲಿ ವಾಂತಿ ನಿಲ್ಲಲು ಒಂದು ಇಂಜೆಕ್ಷನ್ ಕೊಟ್ಟರು. ಮರುದಿನ ದೊಡ್ಡಪ್ಪನಿಗೆ ಮಗ್ಗುಲು ಬದಲಿಸಲೂ ಆಗಲಿಲ್ಲ. ಬಾಯಿ ತೆರೆಯಲು ಕಷ್ಟ, ಮಾತು ತೊದಲು. ಪಾರ್ಶ್ವವಾಯು ಆಯ್ತೇನೋ ಅಂತ ಮನೆಯವರೆಲ್ಲ ಹೆದರಿ ಹೋದೆವು. ಆ ಇಂಜೆಕ್ಷನ್ ಮೆಟೊಕ್ಲೊಪ್ರಮೈಡ್. ಅದು ಮಿದುಳಿನಲ್ಲಿ ಡೋಪಮೈನ್ ಕೆಲಸ ಮಾಡುವ ಜಾಗವನ್ನೇ ಮುಚ್ಚಿಬಿಡುತ್ತದೆ. ಬೇರೆಯವರಿಗೆ ಕೊಡುವ ಸಾಮಾನ್ಯ ಔಷಧ, ಆದರೆ ಪಾರ್ಕಿನ್ಸನ್ ಇದ್ದವರಿಗೆ ಕೂಡದು. ತಲೆಸುತ್ತು, ವಾಂತಿಗೆ ಕೊಡುವ ಪ್ರೊಕ್ಲೋರ್‌ಪೆರಜಿನ್ ಕೂಡ ಹಾಗೇ. ನಾವು ಹೋದವರು ಪಾರ್ಕಿನ್ಸನ್ ಇದೆ ಅಂತ ಬಾಯಿಬಿಟ್ಟು ಹೇಳಿರಲಿಲ್ಲ, ಕೊಟ್ಟವರು ಕೇಳಿರಲಿಲ್ಲ. ದೊಡ್ಡಪ್ಪ ಮೊದಲಿನ ಹಾಗಾಗಲು ಕೆಲವು ದಿನ ಹಿಡಿಯಿತು. ದಯವಿಟ್ಟು ಈ ಎರಡು ಹೆಸರನ್ನು ಒಂದು ಚೀಟಿಯಲ್ಲಿ ಬರೆದು ಮಾವನವರ ಅಂಗಿ ಜೇಬಿನಲ್ಲಿ ಇಡಿ. ಹಳ್ಳಿಯಲ್ಲಿ ರಾತ್ರಿ ಹೊತ್ತು ಯಾರು ಸಿಗುತ್ತಾರೋ ಅವರ ಹತ್ತಿರ ಓಡಬೇಕಾಗುತ್ತದೆ. ಆಗ ಚೀಟಿ ಮಾತಾಡುತ್ತದೆ.

ಪ್ರೋಟೀನ್ ಎಷ್ಟು ಬೇಕು? ಈ ವಯಸ್ಸಿನಲ್ಲಿ, ಈ ತೂಕಕ್ಕೆ ದಿನಕ್ಕೆ ಸುಮಾರು 50ರಿಂದ 60 ಗ್ರಾಂ ಇರಲಿ. ಒಂದು ಲೋಟ ಹಾಲಿನಲ್ಲಿ 6-7 ಗ್ರಾಂ, ಒಂದು ಮೊಟ್ಟೆಯಲ್ಲಿ 6 ಗ್ರಾಂ, ಒಂದು ಹಿಡಿ ತೊಗರಿಬೇಳೆಯಲ್ಲಿ 6-7 ಗ್ರಾಂ ಸಿಗುತ್ತದೆ. ನಮ್ಮ ಅನ್ನವನ್ನೂ ಮರೆಯಬೇಡಿ, 100 ಗ್ರಾಂ ಅಕ್ಕಿಯಲ್ಲಿ 7-8 ಗ್ರಾಂ ಪ್ರೋಟೀನ್ ಇದೆ.

ಹೊತ್ತು ಸರಿ ಮಾಡಿ ಎರಡು ವಾರ ನೋಡಿ. ಮಧ್ಯಾಹ್ನದ ಬಿಗಿತ ಕಡಿಮೆಯಾದರೆ ಅಷ್ಟೇ ಸಾಕು, ಬೇರೇನೂ ಬದಲಿಸಬೇಡಿ. ಎಲ್ಲರಿಗೂ ಪ್ರೋಟೀನ್ ಅಡ್ಡ ಬರುವುದಿಲ್ಲ. ಇಷ್ಟಾದ ಮೇಲೂ ಊಟವಾದ ಮೇಲೆ ಬಿಗಿತ ಹಾಗೇ ಇದ್ದರೆ ಎರಡನೇ ಹೆಜ್ಜೆ ಇದೆ. ದಿನದ ಪ್ರೋಟೀನ್ ಅಷ್ಟೇ ಇರಲಿ, ಆದರೆ ಹೆಚ್ಚು ಪಾಲನ್ನು ರಾತ್ರಿಗೆ ತಳ್ಳಿ. ಹಗಲು ಓಡಾಡಬೇಕಾದ ಹೊತ್ತಲ್ಲಿ ದೇಹ ಹಗುರವಾಗಿರುತ್ತದೆ.

ನಮ್ಮ ಮಲೆನಾಡಿನ ಅಡುಗೆಗೆ ಇದು ಎಷ್ಟು ಚೆನ್ನಾಗಿ ಒಗ್ಗುತ್ತದೆ ಗೊತ್ತಾ! ಬೆಳಿಗ್ಗೆ ನೀರುದೋಸೆ, ಕಾಯಿಚಟ್ನಿ, ಬೆಲ್ಲ. ಇಲ್ಲವೇ ಕಡುಬು, ಅಕ್ಕಿರೊಟ್ಟಿ. ಉದ್ದು ಹಾಕಿದ ದೋಸೆ, ಇಡ್ಲಿಯನ್ನು ರಾತ್ರಿಗೆ ಇಟ್ಟುಕೊಳ್ಳಿ. ಮಧ್ಯಾಹ್ನ ಅನ್ನಕ್ಕೆ ಅಪ್ಪೆಹುಳಿ ಅಥವಾ ಬೇಳೆ ಇಲ್ಲದ ತಿಳಿಸಾರು. ಬಾಳೆದಿಂಡಿನ ಪಲ್ಯ, ಸೌತೆಕಾಯಿ ಬೋಳುಹುಳಿ, ತೆಳ್ಳನೆ ಮಜ್ಜಿಗೆಯ ಒಂದೆಲಗದ ತಂಬುಳಿ. ಮೇಲೆ ತುಪ್ಪ. ಇದರಲ್ಲಿ ಯಾವುದೂ ರೋಗಿಯ ಊಟ ಅಂತ ಅನ್ನಿಸುವುದಿಲ್ಲ, ಮನೆಮಂದಿಯೆಲ್ಲ ಉಣ್ಣುವ ಊಟವೇ. ರಾತ್ರಿಗೆ ಬೇಳೆ ಹುಳಿ, ಹೆಸರುಕಾಳು, ಗಟ್ಟಿ ಮೊಸರು, ಮಲಗುವ ಮೊದಲು ಹಾಲು. ನಿಮ್ಮಲ್ಲಿ ಮೀನು, ಕೋಳಿ, ಮೊಟ್ಟೆ ತಿನ್ನುವುದಾದರೆ ಅದೂ ರಾತ್ರಿಗೆ. ಪ್ರೋಟೀನ್ ಪುಡಿ ತಂದಾಗಿದೆ ಅಂದರೆ ಅದನ್ನೂ ರಾತ್ರಿಯ ಹಾಲಿಗೇ ಹಾಕಿ.

ಹೀಗೆ ಮಾಡಿದರೆ ಎರಡು ಬದಲಾವಣೆ ಗಮನಿಸಬೇಕು. ರಾತ್ರಿ ಮಗ್ಗುಲು ಬದಲಿಸಲು ಕಷ್ಟವಾಗಬಹುದು. ಹಾಗೇನಾದರೂ ಆದರೆ ರಾತ್ರಿಯ ಪಾಲು ಸ್ವಲ್ಪ ಕಡಿಮೆ ಮಾಡಿ. ಇನ್ನೊಂದು, ಗುಳಿಗೆ ಈಗ ಪೂರ್ತಿ ಮೈಗೆ ಹತ್ತುವುದರಿಂದ ಹಗಲು ಕೈಕಾಲು, ಕತ್ತು ತಾವಾಗಿಯೇ ತೂಗಾಡಬಹುದು, ನುಲಿಯಬಹುದು. ಅದು ಮೊದಲಿನ ನಡುಕವಲ್ಲ. ಔಷಧ ಜಾಸ್ತಿಯಾದ ಲಕ್ಷಣ. ಡಾಕ್ಟರಿಗೆ ಹೇಳಿದರೆ ಪ್ರಮಾಣ ಇಳಿಸುತ್ತಾರೆ.

ಈಗ ನಸುಗುನ್ನಿ. ಬೇಲಿಯಲ್ಲಿ ಹಬ್ಬುವ ಬಳ್ಳಿ, ಕಾಯಿಯ ಮೇಲಿನ ರೋಮ ತಾಗಿದರೆ ಮೈಯೆಲ್ಲ ತುರಿಕೆ. ಇದು ಸುಮ್ನೆ ನಾಟಿ ನಂಬಿಕೆ ಅಂತ ನಾನು ಹೇಳುವುದಿಲ್ಲ. ಅದರ ಬೀಜದಲ್ಲಿ ನಿಜವಾಗಿಯೂ ಲೆವೊಡೋಪಾ ಇದೆ. 1937ರಲ್ಲೇ ಮದರಾಸಿನಲ್ಲಿ ದಾಮೋದರನ್ ಮತ್ತು ರಾಮಸ್ವಾಮಿ ಎಂಬ ವಿಜ್ಞಾನಿಗಳು ಈ ಬೀಜದಿಂದ ಅದನ್ನು ಬೇರ್ಪಡಿಸಿ ತೋರಿಸಿದ್ದರು. ಲೆವೊಡೋಪಾ ಪಾರ್ಕಿನ್ಸನ್‌ಗೆ ಗುಣ ಕೊಡುತ್ತದೆ ಅಂತ ಕೊಟ್ಜಿಯಾಸ್ ಎಂಬ ವೈದ್ಯರು ಅಮೆರಿಕದಲ್ಲಿ ಗಟ್ಟಿಯಾಗಿ ತೋರಿಸಿದ್ದು 1967ರಲ್ಲಿ, ಅದಕ್ಕೂ 30 ವರ್ಷ ಆದಮೇಲೆ. ಹಾಗಾಗಿ ಆ ಪುಡಿಗೆ ಶಕ್ತಿ ಇದೆ. ಶಕ್ತಿ ಇರುವುದರಿಂದಲೇ ನನಗೆ ಹೆದರಿಕೆ. ಒಂದು ಚಮಚದಲ್ಲಿ ಎಷ್ಟು ಇದೆ ಅಂತ ಯಾರಿಗೂ ಹೇಳಲು ಬರುವುದಿಲ್ಲ. ಬೀಜದಿಂದ ಬೀಜಕ್ಕೆ, ಪುಡಿ ಮಾಡಿದ ರೀತಿಗೆ ಅದು ಬದಲಾಗುತ್ತದೆ. ಸಿಂಡೋಪಾ ಮೇಲೆ ಇದನ್ನೂ ಕೊಟ್ಟರೆ ಒಂದೇ ಔಷಧವನ್ನು ಅಳತೆಯಿಲ್ಲದೆ ಎರಡು ಸಲ ಕೊಟ್ಟ ಹಾಗೆ. ಮೈ ನುಲಿತ, ವಾಂತಿ, ಎದ್ದು ನಿಂತಾಗ ಬಿಪಿ ಇಳಿದು ಬೀಳುವುದು, ಇಲ್ಲದ್ದು ಕಾಣಿಸುವುದು, ಎಲ್ಲ ಆಗಬಹುದು. ಡಾಕ್ಟರ್ ಒಪ್ಪುವವರೆಗೆ ಶುರು ಮಾಡಬೇಡಿ. ಈಗಾಗಲೇ ಕೊಡುತ್ತಿದ್ದರೆ ಮುಚ್ಚಿಡದೆ ಅವರಿಗೆ ಹೇಳಿ. ಪುಡಿಯನ್ನು ನಂಬಿ ಸಿಂಡೋಪಾವನ್ನು ಮಾತ್ರ ಒಮ್ಮೆಲೇ ನಿಲ್ಲಿಸಬೇಡಿ. ಹಾಗೆ ನಿಲ್ಲಿಸಿದರೆ ಮೈ ಮರದ ಹಾಗೆ ಬಿಗಿದು, ಜೋರು ಜ್ವರ ಬಂದು, ಜೀವಕ್ಕೇ ಅಪಾಯವಾಗಬಹುದು. ಏಕಾದಶಿ ಇರಲಿ, ಒಪ್ಪತ್ತು ಇರಲಿ, ಊಟ ಬಿಟ್ಟರೂ ಗುಳಿಗೆ ಬಿಡುವ ಹಾಗಿಲ್ಲ.

ಮಲಬದ್ಧತೆಯನ್ನು ನೀವು ಒಂದೇ ಸಾಲಿನಲ್ಲಿ ಬರೆದಿದ್ದೀರಿ. ನನಗೆ ಅದು ದೊಡ್ಡ ವಿಷಯ. 1817ರಲ್ಲಿ ಲಂಡನ್ನಿನ ಜೇಮ್ಸ್ ಪಾರ್ಕಿನ್ಸನ್ ಈ ಕಾಯಿಲೆಯ ಬಗ್ಗೆ ಮೊದಲು ಬರೆದಾಗಲೇ ಕರುಳು ಮಂದವಾಗಿರುತ್ತದೆ ಅಂತ ಗುರುತಿಸಿದ್ದರು. ಎಷ್ಟೋ ಜನರಿಗೆ ನಡುಕ ಬರುವುದಕ್ಕೆ ವರ್ಷಗಳ ಮೊದಲೇ ಮಲಬದ್ಧತೆ ಶುರುವಾಗಿರುತ್ತದೆ. ನಿಮ್ಮ ಅತ್ತೆಯವರನ್ನು ಕೇಳಿ ನೋಡಿ, "ಅವರಿಗೆ ಮೊದಲಿಂದಲೂ ಹಾಗೇ" ಅನ್ನಬಹುದು. ಹೊಟ್ಟೆ ಕಟ್ಟಿದ ದಿನ ಗುಳಿಗೆಯೂ ಸರಿಯಾಗಿ ಹತ್ತುವುದಿಲ್ಲ, ಹಸಿವೂ ಆಗುವುದಿಲ್ಲ. ತೂಕ ಇಳಿಯುವುದರಲ್ಲಿ ಇದರ ಪಾಲೂ ಇದೆ.

ಮನೆಯ ಹಿತ್ತಿಲಲ್ಲೇ ಇದಕ್ಕೆ ಬೇಕಾದ್ದು ಇದೆ. ಬಸಳೆ, ಹೊನಗೊನೆ, ಹರಿವೆ ಸೊಪ್ಪು, ಬಾಳೆದಿಂಡು, ಬಾಳೆಹೂವು, ಪಪ್ಪಾಯಿ, ಪೇರಲೆ. ಪಾಲಿಶ್ ಮಾಡಿದ ಬಿಳಿ ಅಕ್ಕಿ ಬದಲು ಕೆಂಪಕ್ಕಿ, ಕುಚ್ಚಲಕ್ಕಿ. ರಾತ್ರಿ ನೆನೆಸಿದ ಹತ್ತು ಒಣದ್ರಾಕ್ಷಿಯನ್ನು ಕಿವುಚಿ ಬೆಳಿಗ್ಗೆ. ದಿನಕ್ಕೆ ಆರರಿಂದ ಎಂಟು ಲೋಟ ನೀರು ಹೋಗಬೇಕು. ನಾರು ಜಾಸ್ತಿ ಮಾಡಿ ನೀರು ಕೊಡದಿದ್ದರೆ ಇನ್ನೂ ಕಟ್ಟುತ್ತದೆ. ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊಡೆಯುವ ಮಳೆಯಲ್ಲಿ ವಯಸ್ಸಾದವರು ನೀರನ್ನೇ ಮುಟ್ಟುವುದಿಲ್ಲ. ಬಚ್ಚಲಿಗೆ ಓಡಬೇಕಾಗುತ್ತದೆ ಅನ್ನೋ ಹೆದರಿಕೆ ಬೇರೆ. ಬಿಸಿನೀರು, ಕಷಾಯ, ಮುರುಗಲ ಹಣ್ಣಿನ ಬಿಸಿ ಸಾರು, ಯಾವ ರೂಪದಲ್ಲಾದರೂ ಹೋಗಲಿ. ಸಂಜೆ ಆರರ ಒಳಗೆ ಹೆಚ್ಚಿನ ನೀರು ಮುಗಿಸಿದರೆ ರಾತ್ರಿ ಏಳುವುದು ತಪ್ಪುತ್ತದೆ. ಇಸಬ್‌ಗೋಲನ್ನು ನೀವಾಗಿಯೇ ಶುರು ಮಾಡಬೇಡಿ. ನೀರು ಕಡಿಮೆಯಾದರೆ ಅದು ಉಬ್ಬಿ ಗಂಟಲಲ್ಲೋ ಕರುಳಲ್ಲೋ ಸಿಕ್ಕಿಕೊಳ್ಳಬಹುದು, ಮಾವನವರಿಗೆ ಮೊದಲೇ ನುಂಗುವ ತೊಂದರೆ ಇದೆ. ವಾರವಾರ ಹರಳೆಣ್ಣೆ ಕುಡಿಸುವುದೂ ಬೇಡ. ಆಹಾರದಿಂದ ಸರಿಹೋಗದಿದ್ದರೆ ಡಾಕ್ಟರ್ ಮೆತ್ತನೆಯ ಔಷಧ ಕೊಡುತ್ತಾರೆ, ಅದನ್ನು ದಿನಾ ತೆಗೆದುಕೊಳ್ಳಲು ಸಂಕೋಚ ಬೇಡ.

ನೀರು ಕುಡಿದಾಗ ಕೆಮ್ಮು ಅಂತ ಬರೆದಿದ್ದೀರಲ್ಲ, ಅದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಗಂಟಲಿನ ಸ್ನಾಯುಗಳೂ ನಿಧಾನವಾಗುತ್ತವೆ. ನೀರು ಅನ್ನನಾಳಕ್ಕೆ ಹೋಗುವ ಬದಲು ಶ್ವಾಸನಾಳಕ್ಕೆ ಜಾರುತ್ತದೆ. ಅದು ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ. ಕುಡಿದ ಮೇಲೆ ದನಿ ಒದ್ದೆಯಾದ ಹಾಗೆ ಗೊರಗೊರ ಅನ್ನುತ್ತಿದೆಯಾ, ಆಗಾಗ ಕಾರಣವಿಲ್ಲದೆ ಜ್ವರ ಬರುತ್ತಿದೆಯಾ ನೋಡಿ. ಇದ್ದರೆ ತಡ ಮಾಡದೆ ತೋರಿಸಿ. ಸ್ಪೀಚ್ ಥೆರಪಿಸ್ಟ್ ಅಂದರೆ ಮಾತು ಕಲಿಸುವವರು ಮಾತ್ರ ಅಂತ ಜನ ತಿಳಿದಿದ್ದಾರೆ. ನುಂಗುವುದನ್ನು ಪರೀಕ್ಷೆ ಮಾಡಿ ಅಭ್ಯಾಸ ಹೇಳಿಕೊಡುವವರೂ ಅವರೇ.

ಇಲ್ಲಿ ಒಂದು ವಿಷಯ ಕೇಳಿದರೆ ನಮ್ಮ ಕಡೆಯವರಿಗೆ ಆಶ್ಚರ್ಯವಾಗುತ್ತದೆ. ಹುಷಾರಿಲ್ಲದವರಿಗೆ ಗಂಜಿಯೇ ಸುಲಭ ಅಂತ ನಾವೆಲ್ಲ ನಂಬಿದ್ದೇವೆ. ಗಂಟಲು ನಿಧಾನವಾದವರಿಗೆ ಅನ್ನದ ಅಗುಳು ತೇಲುವ ತೆಳ್ಳನೆ ಗಂಜಿ ಕಷ್ಟದ ಪದಾರ್ಥಗಳಲ್ಲಿ ಒಂದು. ತಿಳಿ ಒಂದು ವೇಗದಲ್ಲಿ ಜಾರುತ್ತದೆ, ಅಗುಳು ಇನ್ನೊಂದು ವೇಗದಲ್ಲಿ. ಗಂಟಲಿಗೆ ಎರಡನ್ನೂ ಒಟ್ಟಿಗೆ ಸಂಭಾಳಿಸಲು ಆಗುವುದಿಲ್ಲ. ಅದೇ ಗಂಜಿಯನ್ನು ಚೆನ್ನಾಗಿ ಕಡೆದು ಒಂದೇ ಹದಕ್ಕೆ ತಂದು ಕೊಡಿ, ಸಲೀಸಾಗಿ ಇಳಿಯುತ್ತದೆ. ರಾಗಿ ಮಣ್ಣಿ, ಗಟ್ಟಿ ಅಂಬಲಿ, ತುಪ್ಪ ಹಾಕಿ ಮೆತ್ತಗೆ ಕಲಸಿದ ಅನ್ನ, ಹಣ್ಣಾದ ಪಪ್ಪಾಯಿ ಎಲ್ಲ ಒಳ್ಳೆಯದು. ಹಪ್ಪಳ, ಚಕ್ಕುಲಿ, ಒಣ ಅವಲಕ್ಕಿ, ಮಂಡಕ್ಕಿಯ ಪುಡಿ ಗಂಟಲಲ್ಲಿ ಚೆದುರುತ್ತದೆ. ಹಾಗಾಗಿ ಮೇಲೆ ವಾಕರಿಕೆಗೆ ಹೇಳಿದ್ದರಲ್ಲಿ ನಿಮ್ಮ ಮಾವನವರಿಗೆ ಮಂಡಕ್ಕಿ ಬೇಡ, ಬಾಳೆಹಣ್ಣೇ ಇರಲಿ.

ಊಟಕ್ಕೆ ಹಾಸಿಗೆಯ ಮೇಲೆ ಒರಗಿಸಬೇಡಿ. ಕುರ್ಚಿಯಲ್ಲಿ ನೆಟ್ಟಗೆ ಕೂರಿಸಿ, ಪಾದ ನೆಲಕ್ಕೆ ತಾಗಲಿ. ನುಂಗುವಾಗ ಗದ್ದ ಸ್ವಲ್ಪ ಎದೆಯ ಕಡೆ ಬಾಗಿರಲಿ. ಲೋಟ ಎತ್ತಿ ಬಾಯಿಗೆ ಸುರಿದುಕೊಳ್ಳುವ ನಮ್ಮ ಅಭ್ಯಾಸದಲ್ಲಿ ತಲೆ ಹಿಂದಕ್ಕೆ ಹೋಗುತ್ತದೆ, ಕೆಮ್ಮು ಬರುವುದೇ ಆಗ. ಕಚ್ಚಿ ಕುಡಿಯಲಿ, ಸಣ್ಣ ಸಣ್ಣ ಗುಟುಕು. ಊಟವಾದ ಮೇಲೆ ಅರ್ಧ ಗಂಟೆ ಕೂತೇ ಇರಲಿ.

ಈಗ ಗುಳಿಗೆಯ ಹೊತ್ತನ್ನು ಇದರ ಜೊತೆ ಸೇರಿಸಿ ನೋಡಿ. ಮುಕ್ಕಾಲು ಗಂಟೆ ಮೊದಲು ಗುಳಿಗೆ ಕೊಟ್ಟರೆ ಊಟಕ್ಕೆ ಕೂರುವ ಹೊತ್ತಿಗೆ ಅದು ಕೆಲಸ ಶುರು ಮಾಡಿರುತ್ತದೆ. ಕೈ ಹಗುರ, ಗಂಟಲೂ ಹಗುರ. ತೀರ್ಥಹಳ್ಳಿ ಕಡೆಯ ಒಂದು ಮನೆಯಲ್ಲಿ ನಾನು ಇದನ್ನು ಕಣ್ಣಾರೆ ಕಂಡೆ. ಮೊದಲ ದಿನ ಹೋದಾಗ ಆ ಅಜ್ಜ ಅನ್ನ ಕಲಸಲು ಒದ್ದಾಡುತ್ತಿದ್ದರು. ಬೆರಳು ತಟ್ಟೆಯ ಅಂಚಿಗೆ ಬಡಿದು ಟಣಟಣ ಸದ್ದು. ತುತ್ತು ಬಾಯಿಗೆ ಬರುವಷ್ಟರಲ್ಲಿ ಅರ್ಧ ಪಂಚೆಯ ಮೇಲೆ. ನಾನು ಎದುರಿಗೆ ಕೂತಿದ್ದೆ ಅಂತ ನಾಚಿಕೆಯಾಗಿ, "ಹಸಿವಿಲ್ಲ ಮಾರಾಯ್ತಿ" ಅಂತ ಎದ್ದುಬಿಟ್ಟರು. ಒಂದು ತಿಂಗಳ ನಂತರ ಹೋದಾಗ ಗುಳಿಗೆ ಊಟಕ್ಕಿಂತ ಮುಕ್ಕಾಲು ಗಂಟೆ ಮುಂಚೆ ಆಗುತ್ತಿತ್ತು. ಬಾಳೆಲೆ ಬದಲು ಅಂಚು ಎತ್ತರ ಇರುವ ತಟ್ಟೆ ಬಂದಿತ್ತು, ಅದರ ಅಡಿಗೆ ಜಾರದ ಹಾಗೆ ಒದ್ದೆ ಬಟ್ಟೆ. ಅಜ್ಜ ತಾವೇ ಕಲಸಿ ಉಂಡು, ಎರಡನೇ ಸಲ ಅನ್ನ ಹಾಕಿಸಿಕೊಂಡರು. ನಿಮ್ಮ ಮಾವನವರಿಗೆ ನಿಜವಾಗಿ ಹಸಿವಿಲ್ಲವಾ, ಇಲ್ಲಾ ಎಲ್ಲರೆದುರು ಉಣ್ಣಲು ಸಂಕೋಚವಾ ಅಂತ ಒಮ್ಮೆ ಮೆಲ್ಲಗೆ ಕೇಳಿ. ತಿನ್ನಿಸುವುದಕ್ಕಿಂತ ಅವರೇ ತಿನ್ನಲು ಆಗುವ ಹಾಗೆ ಮಾಡುವುದು ಒಳ್ಳೆಯದು. ಅದಕ್ಕೆ ಒಂದು ಗಂಟೆ ಹಿಡಿದರೂ ಹಿಡಿಯಲಿ.

ಇನ್ನೊಂದು ಕಾರಣವೂ ಇರಬಹುದು. ಈ ಕಾಯಿಲೆಯಲ್ಲಿ ವಾಸನೆ ತಿಳಿಯುವುದು ಕಡಿಮೆಯಾಗುತ್ತದೆ. ವಾಸನೆ ಇಲ್ಲದಿದ್ದರೆ ರುಚಿ ಎಲ್ಲಿಂದ? ಅಡುಗೆ ಸಪ್ಪೆ ಅಂತ ಅವರು ಗೊಣಗಿದರೆ ನಿಮ್ಮ ಕೈ ಕೆಟ್ಟಿದೆ ಅಂತಲ್ಲ. ಅಪ್ಪೆಮಿಡಿ ಉಪ್ಪಿನಕಾಯಿಯ ರಸ, ಇಂಗಿನ ಒಗ್ಗರಣೆ, ಹುಳಿ, ಶುಂಠಿ ಸ್ವಲ್ಪ ಮುಂದೆ ಬರಲಿ.

ತೂಕ ಏರಿಸಲು ಪ್ರೋಟೀನ್ ಪುಡಿಯೇ ಬೇಕು ಅಂತಿಲ್ಲ. ಹಗಲಿನ ಊಟದಲ್ಲಿ ಲೆವೊಡೋಪಾಗೆ ಅಡ್ಡಿಯಾಗದ ಶಕ್ತಿ ನಮ್ಮ ಕಾಯಿಹಾಲಲ್ಲಿ, ತುಪ್ಪದಲ್ಲಿ, ಬೆಲ್ಲದಲ್ಲಿ ಇದೆ. ಶುಗರ್ ಇಲ್ಲದ್ದರಿಂದ ಧೈರ್ಯವಾಗಿ ಕೊಡಿ. ನಾಲ್ಕು ಗಂಟೆಗೆ ಕಾಯಿಹಾಲು, ಬೆಲ್ಲ ಹಾಕಿದ ಬಾಳೆಹಣ್ಣಿನ ರಸಾಯನ ಒಂದು ಬಟ್ಟಲು. ಹಲಸಿನ ಕಾಲದಲ್ಲಿ ಹಲಸಿನ ಹಣ್ಣಿನ ಕಡುಬಿಗೆ ತುಪ್ಪ. ಮೂರು ಹೊತ್ತು ಹೊಟ್ಟೆ ಬಿರಿಯುವಷ್ಟು ಬಡಿಸುವ ಬದಲು ಐದು ಸಲ ಸ್ವಲ್ಪ ಸ್ವಲ್ಪ. ದೊಡ್ಡ ಊಟವಾದ ಮೇಲೆ ಬಿಪಿ ಇಳಿಯುವುದೂ ಈ ಕಾಯಿಲೆಯಲ್ಲಿ ಇದೆ, ಉಂಡು ಎದ್ದ ತಕ್ಷಣ ಕಣ್ಣು ಕತ್ತಲೆ ಬಂದು ಬೀಳುವವರು ಇದ್ದಾರೆ. ಎರಡು ವಾರಕ್ಕೊಮ್ಮೆ ತೂಕ ನೋಡಿ ಬರೆದಿಡಿ. ಕಾರಣವಿಲ್ಲದೆ ಇಳಿಯುತ್ತಲೇ ಇದ್ದರೆ ಪಾರ್ಕಿನ್ಸನ್ ತಲೆಗೆ ಕಟ್ಟಿ ಸುಮ್ಮನಾಗದೆ, ಥೈರಾಯ್ಡ್ ಮತ್ತಿತರ ಪರೀಕ್ಷೆ ಮಾಡಿಸಿ.

ಕವಳದ ಬಗ್ಗೆ ನೀವು ಕೇಳಿಲ್ಲ, ಆದರೆ ಅಡಿಕೆ ತೋಟದ ಮನೆಯಾದರೆ ಇದ್ದೇ ಇರುತ್ತದೆ. ಅಡಿಕೆ ಬಾಯಿಯ ಕ್ಯಾನ್ಸರಿಗೆ ಕಾರಣ ಅನ್ನೋದು ಒಂದು ಕಡೆ. ಅದರಲ್ಲಿರುವ ಅರೆಕೋಲಿನ್ ಜೊಲ್ಲು ಹೆಚ್ಚಿಸುತ್ತದೆ. ನುಂಗುವುದು ನಿಧಾನವಾದವರ ಬಾಯಲ್ಲಿ ಜೊಲ್ಲು, ಅಡಿಕೆ ಚೂರು ಎರಡೂ ಇದ್ದರೆ ಗಂಟಲಿಗೆ ಸಿಕ್ಕಿಕೊಳ್ಳುವುದು ಕ್ಷಣದ ಮಾತು. ಬಿಡಿಸಲು ಜಗಳವಾಗುತ್ತದೆ ಅಂತ ಗೊತ್ತು. ಆದರೂ ಇದೊಂದನ್ನು ಬಿಡಿಸಿ. ಕಾಫಿ ಬಗ್ಗೆ ಚಿಂತೆ ಬೇಡ, ದಿನಕ್ಕೆ ಎರಡು ಲೋಟ ಕುಡಿಯಲಿ, ಗುಳಿಗೆಯಿಂದ ಮುಕ್ಕಾಲು ಗಂಟೆ ದೂರ ಇದ್ದರೆ ಆಯ್ತು. ಕಬ್ಬಿಣದ ಮಾತ್ರೆ ಇದ್ದರೆ ಎರಡು ಗಂಟೆ ಅಂತರ ಬೇಕು, ಅದು ಲೆವೊಡೋಪಾವನ್ನು ಹಿಡಿದಿಟ್ಟುಕೊಳ್ಳುತ್ತದೆ. ಮುಂದಿನ ಸಲ ರಕ್ತ ಪರೀಕ್ಷೆಗೆ ಹೋದಾಗ ಬಿ12 ಮತ್ತು ವಿಟಮಿನ್ ಡಿ ಸೇರಿಸಲು ಕೇಳಿ. ಲೆವೊಡೋಪಾ ವರ್ಷಗಟ್ಟಲೆ ತೆಗೆದುಕೊಳ್ಳುವವರಲ್ಲಿ ಬಿ12 ಕೊರತೆ ಕಾಣುತ್ತದೆ, ಸಸ್ಯಾಹಾರಿಗಳಲ್ಲಿ ಇನ್ನೂ ಜಾಸ್ತಿ. ವಿಟಮಿನ್ ಡಿ ಕಡಿಮೆ ಇದ್ದು ಮೂಳೆ ಸವೆದರೆ ಒಂದು ಸಣ್ಣ ಬೀಳುವಿಕೆಗೂ ಸೊಂಟ ಮುರಿಯುತ್ತದೆ. ನಾಲ್ಕು ತಿಂಗಳು ಬಿಸಿಲೇ ಕಾಣದ ಊರು ನಮ್ಮದು.

ಈಗ ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಗುಳಿಗೆ ಎಷ್ಟು ಹೊತ್ತಿಗೆ, ಊಟ ಎಷ್ಟು ಹೊತ್ತಿಗೆ, ಏನು ಉಂಡರು, ಯಾವಾಗ ಮೈ ಹಗುರವಾಯ್ತು, ಯಾವಾಗ ಬಿಗಿಯಿತು, ಇಷ್ಟನ್ನೇ ದಿನಾ ಬರೆಯಿರಿ. ನಿಮಗೆ ಪುರಸೊತ್ತಿಲ್ಲದಿದ್ದರೆ ಮಕ್ಕಳ ಕೈಲಿ ಬರೆಸಿ. ಎರಡು ವಾರದ ಆ ಪುಟಗಳನ್ನು ಡಾಕ್ಟರಿಗೆ ತೋರಿಸಿ. ಶಿವಮೊಗ್ಗದಲ್ಲೋ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೋ ತೋರಿಸುವಾಗ ಸಿಗುವುದು ಹತ್ತು ನಿಮಿಷ. ಅಷ್ಟರಲ್ಲಿ ಬಾಯಲ್ಲಿ ಹೇಳಲಾಗದ್ದನ್ನು ಆ ಪುಟಗಳು ಹೇಳುತ್ತವೆ. ಹೋಗುವಾಗ ಗುಳಿಗೆ ಹಾಳೆ, ಪ್ರೋಟೀನ್ ಪುಡಿ ಡಬ್ಬಿ, ನಸುಗುನ್ನಿ ಪೊಟ್ಟಣ ಮೂರನ್ನೂ ಚೀಲಕ್ಕೆ ಹಾಕಿಕೊಳ್ಳಿ. ಬಸ್ಸು ಹತ್ತುವ ದಿನವೂ ಬೆಳಗಿನ ಗುಳಿಗೆ 7ಕ್ಕೇ ಆಗಲಿ, ತಿಂಡಿ ಮುಗಿಸಿಯೇ ಹೊರಡಿ.